ಅಜ್ಜನ ಕಾಲದ ದಂತದ ಕೃಷ್ಣ: ಇಟ್ಟುಕೊಳ್ಳಬಹುದಾ, ಮಾರಬಹುದಾ, ಮತ್ತೆ ಅಂಥದ್ದು ಕೆತ್ತಬಹುದಾ?

ಪ್ರಶ್ನೆ: ನಮ್ಮದು ಸಕಲೇಶಪುರ ತಾಲ್ಲೂಕು, ಕಾಫಿ ತೋಟ ಇದೆ. ಅಜ್ಜ ತೀರಿಕೊಂಡು ಎರಡು ತಿಂಗಳಾಯಿತು. ಹಳೇ ಮನೆಯ ದೇವರ ಕೋಣೆಯ ಬೀರುವಿನಲ್ಲಿ ಗೇಣುದ್ದದ ಒಂದು ಕೊಳಲು ಕೃಷ್ಣ ಸಿಕ್ಕಿದೆ. ದಂತದ್ದು ಅಂತ ಅಮ್ಮ ಹೇಳುತ್ತಾರೆ. ಇದು ನಿಜವಾದ ದಂತವೇ ಅಂತ ಗೊತ್ತು ಮಾಡಿಕೊಳ್ಳುವುದು ಹೇಗೆ? ಮನೆಯಲ್ಲಿ ಇಟ್ಟುಕೊಂಡರೆ ತೊಂದರೆಯಾ? ಬೆಂಗಳೂರಿನವರೊಬ್ಬರು ಒಳ್ಳೇ ಬೆಲೆ ಕೊಡುತ್ತೇನೆ ಅನ್ನುತ್ತಿದ್ದಾರೆ. ಇನ್ನೊಂದು ವಿಷಯ. ನನ್ನ ತಮ್ಮ ಮರದ ಕೆತ್ತನೆ ಕಲಿಯುತ್ತಿದ್ದಾನೆ. ಆ ಕೃಷ್ಣನ ಬೆರಳು ನೋಡಿದಾಗಿನಿಂದ "ಇಂಥ ಕಲೆ ನಿಲ್ಲಿಸಿದ್ದೇ ತಪ್ಪು, ತಾವಾಗಿ ಸತ್ತ ಆನೆಗಳ ದಂತವನ್ನು ಕೆತ್ತುವವರಿಗೆ ಕೊಟ್ಟರೆ ಯಾರಿಗೆ ನಷ್ಟ, ನಮ್ಮ ಕಡೆ ಆನೆಗೇನು ಬರವಾ" ಅಂತ ವಾದ ಮಾಡುತ್ತಾನೆ. ನಿಮ್ಮ ಅಭಿಪ್ರಾಯ ಬೇಕು ಸರ್.

ಉತ್ತರ:

ಮೊದಲು ಒಂದು ಕೆಲಸ ಮಾಡಿ. ಆ ಬೆಂಗಳೂರಿನವರಿಗೆ ಇವತ್ತೇ "ಇದು ಮಾರಾಟಕ್ಕಿಲ್ಲ" ಅಂತ ಹೇಳಿಬಿಡಿ. ಬೆಲೆ ಕೇಳಬೇಡಿ, ಫೋಟೋ ಕಳಿಸಬೇಡಿ, ವಾಟ್ಸಾಪ್‌ನಲ್ಲಿ ಮಾತು ಮುಂದುವರಿಸಬೇಡಿ. ದಂತ ಮಾರುವುದಷ್ಟೇ ಅಲ್ಲ, ಮಾರುತ್ತೇನೆ ಅಂತ ಮುಂದೆ ಬರುವುದೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅಪರಾಧವೇ. ಆನೆ ಆ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಹುಲಿಯ ಜೊತೆ. ಶಿಕ್ಷೆ ಅಂತ ಆದರೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಜೈಲು. "ಹಳೇದು, ನೂರು ವರ್ಷದ್ದು, ಏನೂ ಆಗಲ್ಲ" ಅಂತ ಕೊಳ್ಳುವವರು ಹೇಳುತ್ತಾರೆ. ನಂಬಬೇಡಿ. ಹಳೆಯದು ಅನ್ನುವ ಕಾರಣಕ್ಕೆ ಆನೆದಂತಕ್ಕೆ ನಮ್ಮ ಕಾನೂನಿನಲ್ಲಿ ಮಾರಾಟದ ವಿನಾಯಿತಿ ಇಲ್ಲ.

ಇನ್ನು ಅದು ದಂತವೇ ಅಂತ ನೋಡುವ ಬಗೆ. ಮೇಜಿನ ಮೇಲೆ ಮೆತ್ತನೆ ಬಟ್ಟೆ ಹಾಸಿ ವಿಗ್ರಹವನ್ನು ಮಲಗಿಸಿ, ಪೀಠದ ತಳ ನೋಡಿ. ಸಾಮಾನ್ಯವಾಗಿ ದಂತವನ್ನು ಅಡ್ಡ ಕೊಯ್ದ ಜಾಗ ಅದೇ. ಮೊಬೈಲಿನ ಟಾರ್ಚನ್ನು ನೇರಕ್ಕೆ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಸಿಕ್ಕರೆ ಇನ್ನೂ ಒಳ್ಳೆಯದು. ಆನೆದಂತವಾದರೆ ತೆಳ್ಳಗಿನ ಬಾಗು ಗೆರೆಗಳು ಎರಡು ಕಡೆಯಿಂದ ಬಂದು ಒಂದನ್ನೊಂದು ದಾಟುತ್ತಾ, ಚಾಪೆ ಹೆಣೆದ ಹಾಗೆ ಕಾಣುತ್ತವೆ. ಇವಕ್ಕೆ ಶ್ರೇಗರ್ ಗೆರೆಗಳು ಅಂತ ಹೆಸರು. ಆನೆಯ ಕುಲದ ಪ್ರಾಣಿಗಳ ದಂತ ಬಿಟ್ಟು ಬೇರೆಲ್ಲೂ ಈ ಹೆಣಿಗೆ ಇರುವುದಿಲ್ಲ. ಹೊರ ಅಂಚಿನ ಹತ್ತಿರ ಆ ಗೆರೆಗಳು ಕೂಡುವ ಕೋನ ಅಗಲವಾಗಿದ್ದರೆ, ಅಂದರೆ 115 ಡಿಗ್ರಿಗಿಂತ ಜಾಸ್ತಿ ಇದ್ದರೆ, ಈಗಿನ ಆನೆಯದ್ದು. 90ಕ್ಕಿಂತ ಕಡಿಮೆ ಇದ್ದರೆ ಸಾವಿರಾರು ವರ್ಷ ಹಿಂದೆ ಅಳಿದುಹೋದ ಮ್ಯಾಮತ್‌ನದ್ದು. ಉದ್ದಕ್ಕೆ ನೋಡಿದರೆ ಹೆಣಿಗೆ ಕಾಣುವುದಿಲ್ಲ, ಅಲೆ ಅಲೆಯಾದ ಗೆರೆಗಳು ಮಾತ್ರ ಕಾಣುತ್ತವೆ. ಮೂಳೆಯದ್ದಾದರೆ ಸೂಜಿ ಚುಚ್ಚಿದಂಥ ಸಣ್ಣ ಕಪ್ಪು ಚುಕ್ಕೆಗಳು, ಇಲ್ಲವೇ ಚಿಕ್ಕ ಚಿಕ್ಕ ಗೀಟುಗಳು ಇರುತ್ತವೆ. ಅವು ರಕ್ತನಾಳ ಹೋದ ದಾರಿಗಳು. ಪ್ಲಾಸ್ಟಿಕ್ ಅಥವಾ ರೆಸಿನ್ ಆದರೆ ಎಲ್ಲಾ ಕಡೆ ಒಂದೇ ಸಮ, ಎಲ್ಲೋ ಒಂದು ಕಡೆ ಅಚ್ಚಿನ ಕೂಡುಗೆರೆ ಸಿಗುತ್ತದೆ. ದಂತವನ್ನು ಅನುಕರಿಸಲು ಗೆರೆ ಹಾಕಿದ ಪ್ಲಾಸ್ಟಿಕ್ಕೂ ಇದೆ, ಆದರೆ ಆ ಗೆರೆಗಳು ಸ್ಕೇಲ್ ಇಟ್ಟು ಎಳೆದಷ್ಟು ನೇರ ಇರುತ್ತವೆ, ಒಂದನ್ನೊಂದು ದಾಟುವುದಿಲ್ಲ.

ಕಾದ ಸೂಜಿ ಚುಚ್ಚಿ ನೋಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ದಂತಕ್ಕೆ ಅದರಿಂದ ಕಲೆ ಬೀಳುತ್ತದೆ, ಸೆಲ್ಯುಲಾಯ್ಡ್ ಅನ್ನುವ ಹಳೇ ಕಾಲದ ಪ್ಲಾಸ್ಟಿಕ್ ಆಗಿದ್ದರೆ ಹೊತ್ತಿಕೊಂಡು ಉರಿಯುತ್ತದೆ.

ಇನ್ನೊಂದು ಸುಳಿವು ಇದೆ, ನನಗೆ ಬಹಳ ಇಷ್ಟವಾದದ್ದು. ನಿಮ್ಮ ಕೃಷ್ಣನನ್ನು ಎದುರಿಗೆ ನಿಲ್ಲಿಸಿ ತಲೆಯಿಂದ ಪಾದದವರೆಗೆ ನೋಡಿ. ಇಡೀ ಮೈ ಒಂದು ಕಡೆಗೆ ಸ್ವಲ್ಪ ಬಾಗಿದೆಯಾ? ಸೊಂಟ ವಾಲಿಸಿ ನಿಂತ ಭಂಗಿ ಕೃಷ್ಣನಿಗೆ ಸಹಜ, ಸರಿ. ಆದರೆ ದಂತದ ವಿಗ್ರಹಗಳಲ್ಲಿ ಆ ಬಾಗಿಗೆ ಬಹಳ ಸಲ ದಂತದ ಬಾಗೇ ಕಾರಣ. ಕೆತ್ತುವವರು ಮೂಲ ವಸ್ತುವನ್ನು ಆದಷ್ಟು ಕಡಿಮೆ ಕಳೆಯಬೇಕು, ಹಾಗಾಗಿ ದಂತ ಬಾಗಿದ ಕಡೆಗೇ ದೇವರನ್ನೂ ಬಾಗಿಸುತ್ತಿದ್ದರು. ಕೈ, ಕೊಳಲು ಇಂಥವು ಮೈಯಿಂದ ದೂರ ಚಾಚಿದ್ದರೆ ಅಲ್ಲೊಂದು ಕೂದಲೆಳೆಯ ಸಂದು ಹುಡುಕಿ. ಬೇರೆ ತುಂಡಿನಲ್ಲಿ ಮಾಡಿ ಜೋಡಿಸಿರುತ್ತಾರೆ.

ಈಗ ಕಾಗದದ ವಿಷಯ. ಇದಕ್ಕೆ ನಿಮಗೆ ಜಾಸ್ತಿ ಸಮಯ ಇಲ್ಲ, ಅದಕ್ಕೇ ಬೇಗ ಹೇಳಿಬಿಡುತ್ತೇನೆ. ಅಜ್ಜನ ಪತ್ರಗಳಲ್ಲಿ, ತೋಟದ ಪಹಣಿ, ಕೋವಿ ಲೈಸೆನ್ಸು ಇಡುವ ಫೈಲಿನಲ್ಲಿ, ಅರಣ್ಯ ಇಲಾಖೆ ಕೊಟ್ಟ ಮಾಲೀಕತ್ವದ ಪ್ರಮಾಣಪತ್ರ ಇದೆಯಾ ಹುಡುಕಿ. 2003ರ ಏಪ್ರಿಲ್ 18ರಿಂದ 180 ದಿನ, ಮನೆಯಲ್ಲಿರುವ ಇಂಥ ವಸ್ತುಗಳನ್ನು ಘೋಷಿಸಿಕೊಳ್ಳಲು ಕೇಂದ್ರ ಸರ್ಕಾರ ಅವಕಾಶ ಕೊಟ್ಟಿತ್ತು. ಆಗ ಘೋಷಿಸಿದವರಿದ್ದಾರೆ, ಅದಕ್ಕೂ ಮೊದಲೇ ಪತ್ರ ಮಾಡಿಸಿಕೊಂಡವರೂ ಇದ್ದಾರೆ. ಪತ್ರ ಇದ್ದರೆ ನಿಮ್ಮ ಸ್ಥಿತಿ ಗಟ್ಟಿ. ವಾರಸುದಾರರಾಗಿ ನೀವು ಇಟ್ಟುಕೊಳ್ಳಬಹುದು. ಆದರೆ ಆಸ್ತಿ ಕೈಗೆ ಬಂದ 90 ದಿನದೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅಥವಾ ಅವರು ನೇಮಿಸಿದ ಅಧಿಕಾರಿಗೆ ಘೋಷಣೆ ಸಲ್ಲಿಸಬೇಕು. ಅಜ್ಜ ಹೋಗಿ ಎರಡು ತಿಂಗಳು ಅಂದಿರಿ. ಅಂದರೆ ಉಳಿದಿರುವುದು ಒಂದು ತಿಂಗಳು ಅಷ್ಟೇ, ತಿಥಿ ಕರ್ಮ ಎಲ್ಲಾ ಮುಗಿಯಲಿ ಅಂತ ಮುಂದೂಡಬೇಡಿ. ಪತ್ರ ಇದ್ದರೂ ಮಾರುವ ಹಾಗಿಲ್ಲ, ದುಡ್ಡು ಪಡೆದು ಇನ್ನೊಬ್ಬರಿಗೆ ಕೊಡುವ ಹಾಗಿಲ್ಲ. ಅಮೆರಿಕದಲ್ಲೋ ದುಬೈನಲ್ಲೋ ಇರುವ ಅಣ್ಣ ತಮ್ಮಂದಿರಿಗೆ ನೆನಪಿಗೆ ಅಂತ ಬ್ಯಾಗಿನಲ್ಲಿ ಹಾಕಿ ಕಳಿಸುವುದಂತೂ ಬೇಡವೇ ಬೇಡ. ಇಟ್ಟುಕೊಳ್ಳುವುದೇ ಬೇಡ ಅನ್ನಿಸಿದರೆ ಇಲಾಖೆಗೆ ಒಪ್ಪಿಸಲು 2022ರ ತಿದ್ದುಪಡಿಯಲ್ಲಿ ದಾರಿ ಮಾಡಿದ್ದಾರೆ. ಅದಕ್ಕೆ ಪರಿಹಾರ ಅಂತ ದುಡ್ಡು ಸಿಗುವುದಿಲ್ಲ.

ಪತ್ರ ಇಲ್ಲದಿದ್ದರೆ? ಆಗ ಮೊದಲು ಒಬ್ಬ ವಕೀಲರ ಹತ್ತಿರ ಕೂತು ಮಾತಾಡಿ, ಅವರ ಜೊತೆಯಲ್ಲೇ ಅರಣ್ಯ ಇಲಾಖೆಗೆ ಹೋಗಿ, ವಸ್ತು ಹೇಗೆ ಸಿಕ್ಕಿತು ಅಂತ ಬರೆದುಕೊಟ್ಟು ಒಪ್ಪಿಸಿ. ಹುಲಿ ಉಗುರಿನ ಗಲಾಟೆ ಆದ ಮೇಲೆ, 2024ರ ಆರಂಭದಲ್ಲಿ, ಇಂಥದ್ದನ್ನೆಲ್ಲಾ ವಾಪಸ್ ಕೊಡಲು ರಾಜ್ಯ ಸರ್ಕಾರ ಮೂರು ತಿಂಗಳ ಗಡುವು ಕೊಟ್ಟಿತ್ತು. ಆ ಗಡುವು ಮುಗಿದಿದೆ. ಅದಕ್ಕೇ ವಕೀಲರು ಬೇಕು ಅಂದಿದ್ದು. ಹೆದರಿ ಹೇಮಾವತಿಗೆ ಎಸೆಯುವುದು, ಒಲೆಗೆ ಹಾಕುವುದು, ಲೈನ್ ಮನೆಯ ತೋಟದ ಕೆಲಸದವರ ಕೈಯಲ್ಲಿ ಎಲ್ಲೋ ಇಡಿಸುವುದು, ಇದ್ಯಾವುದೂ ಬೇಡ. ಬೇರೆಯವರ ಕೈಗೆ ಕೊಟ್ಟರೆ ಅವರನ್ನೂ ಸಿಕ್ಕಿಸಿದ ಹಾಗೆ.

ಅಲ್ಲಿಯವರೆಗೆ ವಿಗ್ರಹವನ್ನು ಹೇಗೆ ನೋಡಿಕೊಳ್ಳಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಹಳೇ ಮನೆಗಳಲ್ಲಿ ಒಳ್ಳೇ ಮನಸ್ಸಿನಿಂದಲೇ ಇವನ್ನು ಹಾಳು ಮಾಡುತ್ತಾರೆ. ನೀರಿನಲ್ಲಿ ತೊಳೆಯಬೇಡಿ. ಪಂಚಾಮೃತದ ಅಭಿಷೇಕವಂತೂ ಬೇಡ. ನಿಂಬೆ, ಹುಣಸೆಹಣ್ಣು, ಟೂತ್‌ಪೇಸ್ಟ್ ಯಾವುದೂ ಬೇಡ. ಹಳದಿ ತಿರುಗಿದ್ದು ಕೊಳೆ ಅಲ್ಲ, ವಯಸ್ಸು. ಕತ್ತಲಲ್ಲಿ ಇಟ್ಟ ದಂತ ಹಳದಿಯಾಗುತ್ತದೆ, ಅದು ಸಹಜ. ನಮ್ಮ ಮಲೆನಾಡಿನ ಗಾಳಿ ಜುಲೈನಲ್ಲಿ ಒಂದು ಥರ, ಮಾರ್ಚಿನಲ್ಲಿ ಇನ್ನೊಂದು ಥರ. ದಂತ ತೇವ ಹೀರಿ ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ, ಹೀಗೆ ವರ್ಷ ವರ್ಷ ಆಗುತ್ತಾ ಉದ್ದಕ್ಕೆ ಸೀಳು ಬಿಡುತ್ತದೆ. ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಒಲೆ ಮತ್ತು ಬಿಸಿಲಿನಿಂದ ದೂರ, ಮರದ ಪೆಟ್ಟಿಗೆಯಲ್ಲಿ ಇಡಿ. ರಬ್ಬರ್ ಬ್ಯಾಂಡ್ ಹಾಕಬೇಡಿ, ಅದರ ಗಂಧಕದಿಂದ ಕಲೆ ಆಗುತ್ತದೆ.

ಈಗ ನಿಮ್ಮ ತಮ್ಮನ ಮಾತಿಗೆ ಬರುತ್ತೇನೆ. ಬರೆಯಲು ಕೂತಿದ್ದೇ ನಿಜ ಹೇಳಬೇಕೆಂದರೆ ಅದಕ್ಕೆ.

ಅವನ ಕಣ್ಣು ಸರಿಯಾಗಿಯೇ ನೋಡಿದೆ. ದಂತದಂಥ ವಸ್ತು ಕೆತ್ತುವವನಿಗೆ ಇನ್ನೊಂದಿಲ್ಲ. ಮರಕ್ಕೆ ಎಳೆ ಇರುತ್ತದೆ, ಎಳೆಗೆ ವಿರುದ್ಧ ಉಳಿ ಹಾಕಿದರೆ ಸಿಬಿರು ಏಳುತ್ತದೆ. ಕಲ್ಲಿನಲ್ಲಿ ಕಣ ಉದುರುತ್ತದೆ, ತೆಳು ಮಾಡಿದಷ್ಟೂ ಭಯ. ದಂತ ಹಾಗಲ್ಲ. ಅದು ಹಲ್ಲು, ಆನೆಯ ಮೇಲ್ದವಡೆಯ ಬಾಚಿಹಲ್ಲು ಉದ್ದ ಬೆಳೆದದ್ದು. ಮೂಳೆಯಲ್ಲಿ ಇರುವಂಥ ದೊಡ್ಡ ರಂಧ್ರಗಳು ಅದರಲ್ಲಿ ಇಲ್ಲ, ಒಳಗೆ ಜೈವಿಕ ಪದಾರ್ಥ (ಪ್ರೋಟೀನು) ಇನ್ನೂ ಉಳಿದಿರುವುದರಿಂದ ಗಟ್ಟಿಯೂ ಹೌದು, ಸ್ವಲ್ಪ ಬಾಗುವ ಗುಣವೂ ಉಂಟು. ಸಣ್ಣ ಗರಗಸ, ಅರ, ಬೈರಿಗೆ, ಮೊನಚು ಉಳಿ, ಇಷ್ಟೇ ಸಾಕು, ಯಾವ ದಿಕ್ಕಿಗೆ ಬೇಕಾದರೂ ಎಳೆಯಬಹುದು. ಕೃಷ್ಣನ ಬೆರಳಿನ ಉಗುರು, ಕೊಳಲಿನ ತೂತು, ರೆಪ್ಪೆಯ ಅಂಚು, ಸೊಂಟದ ಗೆಜ್ಜೆಯ ಒಂದೊಂದು ಕಾಳು ಅದರಲ್ಲಿ ನಿಲ್ಲುತ್ತವೆ. ಕೊನೆಗೆ ನುಣ್ಣನೆ ಪುಡಿ ಹಾಕಿ ಬಟ್ಟೆಯಲ್ಲಿ ಉಜ್ಜಿದರೆ ಬರುವ ಹೊಳಪು ಮೇಲೆ ಬಳಿದ ಹೊಳಪಲ್ಲ, ಒಳಗಿನದೇ.

ಬುಡದ ಕಡೆ ದಂತ ಟೊಳ್ಳು, ಅಲ್ಲಿ ಬಳೆ, ಕರಡಿಗೆ ಮಾಡುತ್ತಿದ್ದರು. ಮುಂದಿನ ಗಟ್ಟಿ ಭಾಗದಲ್ಲಿ ವಿಗ್ರಹ. ಉಳಿದ ಚೂರಿನಲ್ಲಿ ಗುಂಡಿ, ಪಗಡೆ ದಾಳ, ಮರಕ್ಕೆ ಕೂರಿಸುವ ತೆಳು ಚಪ್ಪಟೆ ತುಂಡು. ಹೀಗೆ ಒಂದು ಚೂರೂ ಬಿಡದ ಕಸುಬು ಅದು. ನಮ್ಮ ದೇಶದಲ್ಲಿ ಅದರ ಬೇರು ಬಹಳ ಆಳಕ್ಕಿದೆ. ಇಟಲಿಯ ಪಾಂಪೇ ಊರು ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಮುಚ್ಚಿಹೋಯಿತಲ್ಲ, ಅಲ್ಲಿ 1938ರಲ್ಲಿ ಅಗೆದಾಗ ಭಾರತದ ದಂತದ ಹೆಣ್ಣಿನ ಮೂರ್ತಿ ಸಿಕ್ಕಿತು. ತಿರುವಾಂಕೂರಿನವರು ವಿಕ್ಟೋರಿಯಾ ರಾಣಿಗೆ ಕಳಿಸಿದ ದಂತದ ಸಿಂಹಾಸನ 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನದಲ್ಲಿತ್ತು. ಮೈಸೂರು ಅರಮನೆಯ ಅಂಬಾವಿಲಾಸದ ಬೀಟೆ ಮರದ ಬಾಗಿಲಲ್ಲಿ ಕೂರಿಸಿದ ದಂತದ ಕೆಲಸ ಈಗಲೂ ನೋಡಬಹುದು. ನಮ್ಮ ಸಾಗರ, ಸೊರಬ, ಶಿರಸಿ ಕಡೆಯ ಗುಡಿಗಾರರು ಗಂಧದ ಜೊತೆಗೆ ದಂತವನ್ನೂ ಕೆತ್ತಿದವರು.

ಈ ಕೆಲಸ ಮಾಡಿದವರ ಮೇಲೆ ನನಗೆ ಗೌರವ ಇದೆ. ನಿಷೇಧ ಬಂದಾಗ ಅವರ ಒಲೆ ಆರಿತು, ಆ ಮನೆಗಳಿಗೆ ಸಿಗಬೇಕಾದಷ್ಟು ಆಸರೆ ಸಿಗಲಿಲ್ಲ ಅನ್ನುವುದೂ ನನ್ನ ಅಭಿಪ್ರಾಯ. ಆದರೂ ನಿಷೇಧ ಸರಿ. ಪೂರ್ತಿ ಸರಿ. ಸತ್ತ ಆನೆಯ ದಂತಕ್ಕೂ ಅದು ಅನ್ವಯಿಸಬೇಕು. ಯಾಕೆ ಅಂತ ಹೇಳುತ್ತೇನೆ.

ದಂತ ಬೇಕು ಅಂದರೆ ಆನೆ ಸಾಯಲೇಬೇಕಾ, ತುದಿ ಕತ್ತರಿಸಿಕೊಂಡರೆ ಸಾಲದಾ ಅಂತ ಕೆಲವರು ಕೇಳುತ್ತಾರೆ. ಹೊರಗೆ ಕಾಣುವುದು ದಂತದ ಮೂರರಲ್ಲಿ ಎರಡು ಪಾಲು ಮಾತ್ರ. ಉಳಿದ ಒಂದು ಪಾಲು ತಲೆಬುರುಡೆಯ ಒಳಗೆ ನೆಟ್ಟುಕೊಂಡಿರುತ್ತದೆ, ಅದರೊಳಗೆ ನರ ಇರುತ್ತದೆ. ಕಳ್ಳಬೇಟೆಯವನು ಪೂರ್ತಿ ತೂಕ ಬಿಡುವುದಿಲ್ಲ. ಕೊಂದು, ಮುಖ ಕಡಿದು, ಬುಡಸಮೇತ ತೆಗೆಯುತ್ತಾನೆ. ವೀರಪ್ಪನ್ ಕಾಲದಲ್ಲಿ ಚಾಮರಾಜನಗರ, ಸತ್ಯಮಂಗಲದ ಕಾಡಿನಲ್ಲಿ ನಡೆದದ್ದು ಇದೇ.

ಈಗ ನಿಮ್ಮ ತಮ್ಮ ಹೇಳಿದ ಹಾಗೇ ಮಾಡಿದೆವು ಅಂದುಕೊಳ್ಳೋಣ. ತಾನಾಗಿ ಸತ್ತ ಆನೆಯ ದಂತ ಮಾತ್ರ ಕೆತ್ತಲು ಬಿಟ್ಟೆವು. ಒಂದು ದಂತ ಗೋಡೌನಿನಲ್ಲಿ ಇರುವವರೆಗೆ ಅದಕ್ಕೆ ನಂಬರ್ ಇರುತ್ತದೆ, ಉದ್ದ, ತೂಕ, ಎಲ್ಲಿ ಸತ್ತ ಆನೆ, ಯಾವತ್ತು, ಎಲ್ಲಾ ಬರೆದಿರುತ್ತಾರೆ. ಕೆತ್ತುವವನ ಮನೆಗೆ ಬಂತು, ಗರಗಸ ಬಿತ್ತು. ಅರ್ಧದಷ್ಟು ಪುಡಿ, ಚೂರು. ಉಳಿದದ್ದು ಒಂದು ಗಣಪತಿ, ನಾಲ್ಕು ಬಳೆ, ಎರಡು ಕರಡಿಗೆ. ನಂಬರ್ ಇದ್ದ ಸಿಪ್ಪೆ ಹೋಯಿತು, ಬಾಗು ಹೋಯಿತು, ಉದ್ದ ಹೋಯಿತು. ಇದರ ಪಕ್ಕದಲ್ಲಿ ನಿನ್ನೆ ರಾತ್ರಿ ಗುಂಡು ತಿಂದ ಸಲಗದ ದಂತದಿಂದ ಮಾಡಿದ ಇನ್ನೊಂದು ಗಣಪತಿ ಇಟ್ಟರೆ, ಯಾವುದು ಯಾವುದು ಅಂತ ಕಣ್ಣಿನಲ್ಲಿ ಹೇಳಲು ನನ್ನಿಂದ ಆಗುವುದಿಲ್ಲ, ಯಾರಿಂದಲೂ ಆಗುವುದಿಲ್ಲ. ಡಿಎನ್ಎ ನೋಡಿ ಯಾವ ಸೀಮೆಯ ಆನೆ ಅಂತ ಅಂದಾಜು ಮಾಡಬಹುದು. ಕಾರ್ಬನ್ ಪರೀಕ್ಷೆ ಮಾಡಿ, 1950ರ ದಶಕದ ಅಣುಬಾಂಬ್ ಪರೀಕ್ಷೆಗಳಿಗಿಂತ ಹಿಂದಿನದಾ ಮುಂದಿನದಾ ಅಂತ ಹೇಳಬಹುದು. ಆದರೆ ಆನೆ ಹೇಗೆ ಸತ್ತಿತು ಅಂತ ಯಾವ ಲ್ಯಾಬೂ ಹೇಳುವುದಿಲ್ಲ. ಅಂಗಡಿಯ ಒಂದೊಂದು ಬಳೆಗೂ ಆ ಪರೀಕ್ಷೆ ಮಾಡಿಸಲೂ ಆಗುವುದಿಲ್ಲ. ಅಂದರೆ ಕೆತ್ತನೆಯೇ ಕಳ್ಳಮಾಲಿನ ಗುರುತು ಅಳಿಸುವ ಕೆಲಸ ಮಾಡಿಬಿಡುತ್ತದೆ. ಕೆತ್ತುವವನು ಎಷ್ಟೇ ಪ್ರಾಮಾಣಿಕನಾಗಿದ್ದರೂ ಅಷ್ಟೇ.

ಇದು ಬರೀ ಊಹೆ ಅಲ್ಲ. ಆಫ್ರಿಕಾದಲ್ಲಿ 1979ರ ಸುಮಾರಿಗೆ 13 ಲಕ್ಷ ಆನೆ ಇದ್ದವು ಅಂತ ಅಂದಾಜು, ಹತ್ತೇ ವರ್ಷದಲ್ಲಿ ಅದು 6 ಲಕ್ಷದ ಹತ್ತಿರಕ್ಕೆ ಇಳಿಯಿತು. ಆಗ ದಂತದ ವ್ಯಾಪಾರ ಪೂರ್ತಿ ನಿಷೇಧ ಆಗಿರಲಿಲ್ಲ, ಪರ್ಮಿಟ್ಟು, ಕೋಟಾ ಎಲ್ಲಾ ಇತ್ತು. ಆ ಪರ್ಮಿಟ್ಟಿನ ಸಂದಿಯಲ್ಲೇ ಕಳ್ಳಮಾಲು ಹರಿದದ್ದು. 1989ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ನಿಷೇಧ ತಂದರು. ಆಮೇಲೆ, ಇದು ನಿಮ್ಮ ತಮ್ಮ ಗಮನವಿಟ್ಟು ಓದಬೇಕಾದ ಭಾಗ, ಅವನು ಹೇಳುವುದನ್ನೇ ಹೋಲುವ ಪ್ರಯೋಗ ಎರಡು ಸಲ ನಡೆಯಿತು. ಸರ್ಕಾರಿ ಗೋಡೌನಿನಲ್ಲಿದ್ದ ದಂತವನ್ನು ಒಂದು ಸಲಕ್ಕೆ ಅಂತ ಮಾರಲು ಒಪ್ಪಿಗೆ ಸಿಕ್ಕಿತು. 1999ರಲ್ಲಿ ಬೋಟ್ಸ್ವಾನಾ, ನಮೀಬಿಯಾ, ಜಿಂಬಾಬ್ವೆಯ ಸುಮಾರು 50 ಟನ್ ಜಪಾನಿಗೆ ಹೋಯಿತು. 2008ರಲ್ಲಿ ದಕ್ಷಿಣ ಆಫ್ರಿಕಾವೂ ಸೇರಿ ಸುಮಾರು 100 ಟನ್ ಚೀನಾ ಮತ್ತು ಜಪಾನಿಗೆ. ಬೆಲೆ ಇಳಿಯುತ್ತದೆ, ಕಳ್ಳಬೇಟೆ ನಿಲ್ಲುತ್ತದೆ ಅನ್ನುವ ಲೆಕ್ಕಾಚಾರ. ಆದದ್ದು ಬೇರೆ. ಎರಡನೇ ಮಾರಾಟದ ನಂತರದ ವರ್ಷಗಳಲ್ಲಿ ಆಫ್ರಿಕಾದಲ್ಲಿ ಕಳ್ಳಬೇಟೆ ಮತ್ತೆ ಜೋರಾಯಿತು. ಮಾರಾಟವೊಂದೇ ಕಾರಣವಾ ಅನ್ನುವುದರ ಬಗ್ಗೆ ತಜ್ಞರಲ್ಲಿ ವಾದ ಇದೆ. ಆದರೆ ಅಂಗಡಿಯಲ್ಲಿ ಕಾನೂನಿನ ಚೀಟಿ ಅಂಟಿಸಿದ ದಂತ ಕಂಡಾಗ, ಕೊಳ್ಳುವವನಿಗೆ ಇದ್ದ ಅಳುಕು ಹೋಗುತ್ತದೆ. ನನಗೆ ಅದೇ ದೊಡ್ಡ ಹಾನಿ ಅನ್ನಿಸುವುದು. ಕೊನೆಗೆ ಚೀನಾವೇ 2017ರ ಕೊನೆಗೆ ತನ್ನ ಒಳಗಿನ ದಂತದ ಮಾರುಕಟ್ಟೆ ಮುಚ್ಚಿತು. ಕೀನ್ಯಾ 2016ರಲ್ಲಿ 105 ಟನ್ ದಂತವನ್ನು ರಾಶಿ ಹಾಕಿ ಸುಟ್ಟಿತು. ಕೆತ್ತುವವರಿಗೆ ಅದನ್ನು ನೋಡಿ ಹೊಟ್ಟೆ ಉರಿಯುತ್ತದೆ, ನನಗೂ ಆಗುತ್ತದೆ. ಆದರೂ ಅವರು ಯಾಕೆ ಸುಟ್ಟರು ಅಂತ ಅರ್ಥ ಆಗುತ್ತದೆ. ಇವತ್ತಲ್ಲ ನಾಳೆ ಮಾರುತ್ತಾರೆ ಅನ್ನುವ ಆಸೆ ಇರುವವರೆಗೆ ಬೇಟೆ ನಿಲ್ಲುವುದಿಲ್ಲ.

ನಮ್ಮ ದೇಶದಲ್ಲೂ ಇದೇ ಪಾಠ ಕಲಿತು ಬಂದದ್ದು. 1986ರಲ್ಲಿ ಭಾರತದ ಆನೆಯ ದಂತದ ವ್ಯಾಪಾರ ನಿಲ್ಲಿಸಿದರು, ಆಫ್ರಿಕಾದಿಂದ ತಂದ ದಂತಕ್ಕೆ ಬಿಟ್ಟಿದ್ದರು. ಆಫ್ರಿಕಾದ್ದು ಅಂತ ಹೇಳಿಕೊಂಡು ಇಲ್ಲಿಯದನ್ನೇ ತಳ್ಳುವ ದಾರಿ ಅದು. 1991ರ ತಿದ್ದುಪಡಿಯಲ್ಲಿ ಅದನ್ನೂ ಮುಚ್ಚಿದರು. ವ್ಯಾಪಾರಿಗಳು ಕೋರ್ಟಿಗೆ ಹೋದರು, 1997ರಲ್ಲಿ ದೆಹಲಿ ಹೈಕೋರ್ಟ್ ನಿಷೇಧವನ್ನು ಎತ್ತಿಹಿಡಿಯಿತು. ಹಾಗಾದರೆ ಮ್ಯಾಮತ್ ದಂತ ಕೆತ್ತುತ್ತೇವೆ, ಅದು ಸೈಬೀರಿಯಾದ ಹಿಮದಲ್ಲಿ ಸಿಕ್ಕಿದ್ದು, ಕೊಂದದ್ದಲ್ಲ ಅಂತ ವಾದ ಬಂತು. ಬಲರಾಂ ಕುಮಾವತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರಲ್ಲಿ ಅದನ್ನೂ ಒಪ್ಪಲಿಲ್ಲ. ಕಾಯ್ದೆಯಲ್ಲಿ ದಂತ ಅಂದರೆ ಮ್ಯಾಮತ್‌ನದ್ದೂ ಸೇರಿತು ಅಂತ ತೀರ್ಪು ಬಂತು. ಅಂದರೆ ನಿಮ್ಮ ತಮ್ಮ ಇಂಟರ್ನೆಟ್‌ನಲ್ಲಿ ಮ್ಯಾಮತ್ ತುಂಡು ತರಿಸುವ ಯೋಚನೆ ಮಾಡಿದ್ದರೆ ಅದನ್ನೂ ಬಿಡಲಿ.

ಆಮೇಲೆ "ನಮ್ಮ ಕಡೆ ಆನೆಗೇನು ಬರವಾ" ಅನ್ನುವ ಮಾತು. ಇದನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಸಕಲೇಶಪುರ, ಆಲೂರು, ಬೇಲೂರು, ಆ ಕಡೆ ಮೂಡಿಗೆರೆ, ಇಲ್ಲೆಲ್ಲಾ ಬೆಳಿಗ್ಗೆ ತೋಟಕ್ಕೆ ಹೋದವರು ಸಂಜೆ ಮನೆಗೆ ಬರುತ್ತಾರಾ ಅಂತ ಕಾಯುವ ಮನೆಗಳಿವೆ. ಗದ್ದೆ, ಬಾಳೆ, ಕಾಫಿ ತುಳಿಸಿಕೊಂಡವರ ಸಿಟ್ಟು ನ್ಯಾಯದ್ದೇ. ಆದರೆ ಅದೇ ಕಾರಣಕ್ಕೆ ದಂತಕ್ಕೆ ಇಲ್ಲಿ ಬೆಲೆ ಬರಬಾರದು. ಯೋಚಿಸಿ ನೋಡಿ. ತೋಟದ ಬೇಲಿಗೆ ಕರೆಂಟ್ ಹರಿಸಿ ಆನೆ ಸತ್ತ ಪ್ರಕರಣಗಳು ನಮ್ಮಲ್ಲಿ ಆಗಿವೆ. ಇವತ್ತು ಹಾಗೆ ಸತ್ತರೆ ಎಲ್ಲರಿಗೂ ತಲೆನೋವು, ಕೇಸು, ಯಾರಿಗೂ ಲಾಭ ಇಲ್ಲ. ನಾಳೆ "ಬೇಟೆಯಾಡದೆ ಸತ್ತ ಆನೆ"ಯ ದಂತಕ್ಕೆ ಮಾರುಕಟ್ಟೆ ತೆರೆಯಿತು ಅಂತಿಟ್ಟುಕೊಳ್ಳಿ. ಸಿಟ್ಟು ಮೊದಲೇ ಇದೆ, ತಂತಿ ಇದೆ, ಈಗ ಬೆಲೆಯೂ ಸೇರಿತು. ಆಗ ಯಾವ ಸಾವು ಆಕಸ್ಮಿಕ, ಯಾವುದು ಮಾಡಿಸಿದ್ದು ಅಂತ ಯಾರು ಹೇಳುತ್ತಾರೆ?

ಇನ್ನೊಂದು. ಒಟ್ಟು ಸಂಖ್ಯೆ ನೋಡಿ ಸಮಾಧಾನ ಪಡುವುದು ಸರಿಯಲ್ಲ. 2023ರ ಗಣತಿಯಲ್ಲಿ ಕರ್ನಾಟಕದ ಆನೆಗಳು 6,395, ದೇಶದಲ್ಲೇ ನಮ್ಮಲ್ಲಿ ಜಾಸ್ತಿ, ನಿಜ. ಆದರೆ ಆಫ್ರಿಕಾದ ಹೆಣ್ಣಾನೆಗೆ ಇರುವ ಹಾಗೆ ನಮ್ಮ ಹೆಣ್ಣಾನೆಗೆ ಹೊರಗೆ ಕಾಣುವ ಉದ್ದ ದಂತ ಇರುವುದಿಲ್ಲ. ಹಾಗಾಗಿ ಇಲ್ಲಿ ದಂತದ ಬೇಟೆ ಅಂದರೆ ಗಂಡಾನೆಯ ಬೇಟೆ, ಅದರಲ್ಲೂ ದೊಡ್ಡ ಸಲಗಗಳದ್ದು. ಹಿಂಡು ನೋಡಿದರೆ ತುಂಬಿಕೊಂಡೇ ಇರುತ್ತದೆ, ಒಳಗೆ ಗಂಡು ಖಾಲಿ. ಕೇರಳದ ಪೆರಿಯಾರ್‌ನಲ್ಲಿ ಹೀಗೇ ಆಯಿತು. 1980ರ ದಶಕದ ಕೊನೆಯ ಹೊತ್ತಿಗೆ ಅಲ್ಲಿ ಒಂದು ಬೆಳೆದ ಗಂಡಿಗೆ ನೂರಕ್ಕೂ ಜಾಸ್ತಿ ಹೆಣ್ಣು ಅನ್ನುವ ಸ್ಥಿತಿ ಬಂದಿತ್ತು. ಉಳಿದ ಗಂಡುಗಳಲ್ಲಿ ದಂತವಿಲ್ಲದ ಮಖನಾಗಳ ಪಾಲು ಏರುತ್ತಾ ಹೋಗುತ್ತದೆ. ಮೊಜಾಂಬಿಕ್‌ನ ಗೊರೊಂಗೋಸಾದಲ್ಲಿ ಯುದ್ಧದ ಕಾಲದ ಬೇಟೆಯಾದ ಮೇಲೆ ದಂತವಿಲ್ಲದೇ ಹುಟ್ಟುವ ಹೆಣ್ಣಾನೆಗಳು ಜಾಸ್ತಿಯಾದವು, ಅದು ವಂಶವಾಹಿಯಲ್ಲೇ ಆದ ಬದಲಾವಣೆ ಅಂತ 2021ರಲ್ಲಿ ವಿಜ್ಞಾನಿಗಳು ತೋರಿಸಿದರು. ಬೇಲೂರಿನ ಕಡೆಯವರು ಭೀಮ ಅಂತ ಹೆಸರಿಟ್ಟು ಕರೆಯುವ ಸಲಗ ರಸ್ತೆಗೆ ಬಂದಾಗ ಎಲ್ಲರೂ ಮೊಬೈಲ್ ಎತ್ತುತ್ತಾರಲ್ಲ, ಅಂಥ ಆನೆಗಳೇ ಮೊದಲು ಹೋಗುವುದು.

ತೋಟದವರಿಗೆ ಉಪಯೋಗ ಆಗುವ ಒಂದು ಮಾತು ಇಲ್ಲೇ ಸೇರಿಸುತ್ತೇನೆ. ಸಲಗಗಳು ಕಾದಾಡಿದಾಗ ದಂತ ಮುರಿದು ಚೂರು ಬಿದ್ದಿರಬಹುದು, ಕೆಲಸದವರಿಗೆ ಸಿಗಬಹುದು. ಅದು ಸರ್ಕಾರದ ಆಸ್ತಿ. ಸಿಕ್ಕ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯ ಅಧಿಕಾರಿಗೋ ತಿಳಿಸಬೇಕು. ನಿಮ್ಮ ರೈಟರಿಗೆ, ಕೆಲಸದವರಿಗೆ ಇದನ್ನು ಹೇಳಿಟ್ಟಿರಿ. ಗೊತ್ತಿಲ್ಲದೆ ಮನೆಗೆ ಒಯ್ದು ಸಿಕ್ಕಿಬೀಳುವುದು ಪಾಪ ಅವರೇ.

ಹಾಗಾದರೆ ಕಲೆ ಸತ್ತಿತಾ? ನನಗೆ ಹಾಗೆ ಅನ್ನಿಸುವುದಿಲ್ಲ. ಸಾಂಚಿಯ ಸ್ತೂಪದ ದಕ್ಷಿಣದ ತೋರಣದ ಮೇಲೆ ಒಂದು ಶಾಸನ ಇದೆ, ಎರಡು ಸಾವಿರ ವರ್ಷ ಹಳೆಯದು. ಈ ಕೆತ್ತನೆ ಮಾಡಿದವರು ವಿದಿಶೆಯ ದಂತಕಾರರು ಅಂತ ಅದರಲ್ಲಿ ಬರೆದಿದೆ. ದಂತ ಕೆತ್ತಿ ಪಳಗಿದ ಕೈಗಳು ಆ ಕಾಲದಲ್ಲೇ ಕಲ್ಲಿಗೆ ಬಂದು ಅಂಥ ಕೆಲಸ ಮಾಡಿದವು. ಮೈಸೂರಿನ ಬೀಟೆ ಮರದ ಇನ್ಲೇ ಕೆಲಸದವರು ದಂತ ಬಿಟ್ಟ ಮೇಲೆ ಬೇರೆ ಬಣ್ಣದ ಮರ, ಪ್ಲಾಸ್ಟಿಕ್ ಕೂರಿಸಿ ಕಸುಬು ಉಳಿಸಿಕೊಂಡರು, ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಗುಡಿಗಾರರು ಗಂಧ, ಶಿವನೆ ಮರದಲ್ಲಿ ಮುಂದುವರಿದರು. ಉತ್ತರದ ಕಡೆ ಒಂಟೆ ಮೂಳೆ, ಎಮ್ಮೆ ಮೂಳೆಗೆ ಬಂದರು. ದಕ್ಷಿಣ ಅಮೆರಿಕದ ಒಂದು ತಾಳೆ ಜಾತಿಯ ಮರದ ಬೀಜ ಇದೆ, ಟಾಗುವಾ ಅಂತ, ಒಣಗಿದ ಮೇಲೆ ದಂತದಷ್ಟೇ ಬಿಳಿ, ನುಣುಪು. ಕೋಳಿಮೊಟ್ಟೆ ಗಾತ್ರಕ್ಕಿಂತ ದೊಡ್ಡ ಕೆಲಸ ಅದರಲ್ಲಿ ಆಗುವುದಿಲ್ಲ ಅನ್ನುವುದೇ ಕೊರತೆ. ಇವುಗಳಲ್ಲಿ ಯಾವುದೂ ದಂತಕ್ಕೆ ಸರಿಸಮ ಅಂತ ನಾನು ಸುಳ್ಳು ಹೇಳುವುದಿಲ್ಲ. ಒಂದು ಗುಣ ಕಳೆದುಹೋಗಿದೆ, ಅದು ನಷ್ಟವೇ. ಆ ನಷ್ಟವನ್ನು ಒಪ್ಪಿಕೊಂಡೇ ನಾನು ಈ ಕಡೆ ನಿಂತಿದ್ದೇನೆ.

ನಿಮ್ಮ ತಮ್ಮನಿಗೆ ನಾನು ಹೇಳುವುದು ಇಷ್ಟು. ಕೃಷ್ಣ ನಿಮ್ಮ ಮನೆಯಲ್ಲಿ ಇರುವಷ್ಟು ದಿನ ಅವನು ಅದನ್ನು ಎದುರಿಗಿಟ್ಟು ಪೆನ್ಸಿಲ್‌ನಲ್ಲಿ ಬರೆಯಲಿ. ಮುಂದಿನಿಂದ, ಹಿಂದಿನಿಂದ, ಎರಡೂ ಪಕ್ಕದಿಂದ. ಕೈ ಮಣಿಕಟ್ಟಿನಿಂದ ಬೆರಳಿಗೆ ಹೇಗೆ ತಿರುಗುತ್ತದೆ ಅಂತ ನಾಲ್ಕಾರು ಸಲ ಬರೆಯಲಿ. ಆಮೇಲೆ ಒಂದು ದಿನ ಬೇಲೂರಿಗೂ ಹಳೇಬೀಡಿಗೂ ಹೋಗಿ ಗೋಡೆಯ ಬುಡದ ಆನೆ ಸಾಲು ನೋಡಲಿ, ಜನ ಮೇಲಿನ ಮದನಿಕೆಯರನ್ನು ನೋಡುತ್ತಾ ಅದನ್ನು ದಾಟಿಹೋಗುತ್ತಾರೆ. ಸೊಂಡಿಲು ಮಡಚಿದ್ದು, ಪಕ್ಕದ ಆನೆಯ ಬಾಲ ಹಿಡಿದದ್ದು, ಕಾಲೆತ್ತಿದ್ದು ಎಲ್ಲಾ ಬಳಪದ ಕಲ್ಲಿನಲ್ಲಿ ಇದೆ. ಆ ಕಲ್ಲು ಗಣಿಯಿಂದ ತೆಗೆದ ಹೊಸತರಲ್ಲಿ ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುತ್ತದೆ, ಹಾಗಾಗಿ ಅಷ್ಟು ನವಿರು ಕೆಲಸ ಸಾಧ್ಯ ಆಯಿತು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಆಮೇಲೆ ಮಲ್ಲಿತಮ್ಮ, ಹೊಯ್ಸಳರ ಕಾಲದ ಈ ಶಿಲ್ಪಿಗಳ ಹೆಸರು ಇವತ್ತಿಗೂ ನಮಗೆ ಗೊತ್ತಿರುವುದು ಅವರು ತಮ್ಮ ಕೆಲಸದ ಮೇಲೆ ಹೆಸರು ಕೆತ್ತಿದ್ದರಿಂದ.

ಕೆತ್ತಲು ಏನು ಅಂತ ಕೇಳಿದರೆ, ಮೊದಲು ಶಿವನೆ. ಮೆತ್ತಗಿನ ಮರ, ಕೈ ಪಳಗಲು ಒಳ್ಳೆಯದು. ಗಂಧಕ್ಕೆ ಈಗಲೇ ಕೈ ಹಾಕುವುದು ಬೇಡ, ಅದಕ್ಕೂ ನಿಯಮಗಳಿವೆ, ಕಳ್ಳ ಗಂಧ ಕೊಂಡರೆ ದಂತದ ಕಥೆಯೇ ಮತ್ತೆ. ಕ್ರಮವಾಗಿ ಕಲಿಯಬೇಕು ಅಂದರೆ ಕಾರ್ಕಳ ಹತ್ತಿರದ ಮಿಯ್ಯಾರಿನಲ್ಲಿ ಕೆನರಾ ಬ್ಯಾಂಕ್ ನಡೆಸುವ ಸಿ.ಇ. ಕಾಮತ್ ಕುಶಲಕರ್ಮಿಗಳ ಸಂಸ್ಥೆ ಇದೆ, ಮರ, ಕಲ್ಲು, ಲೋಹ ಎಲ್ಲಾ ಕಲಿಸುತ್ತಾರೆ, ವಿಚಾರಿಸಿ. ಸಣ್ಣ ನವಿರು ಕೆಲಸಕ್ಕೆ ಅವನಿಗೆ ಬೇಕಾದ ಮರ ನಿಮ್ಮ ತೋಟದಲ್ಲೇ ಇದೆ. ಹಳೇ ಕಾಫಿ ಗಿಡ ಕಿತ್ತು ಹೊಸದು ಹಾಕುವಾಗ ಬುಡಗಳನ್ನು ಸೌದೆಗೆ ಹಾಕುತ್ತೀರಲ್ಲ, ಅವನ್ನು ಅವನಿಗೆ ಕೊಡಿ. ತಿಳಿ ಬಣ್ಣ, ಗಟ್ಟಿ ಮೈ, ಸಣ್ಣ ಎಳೆ, ಉಜ್ಜಿದರೆ ಚೆನ್ನಾಗಿ ಹೊಳೆಯುತ್ತದೆ. ಹಸಿಯಲ್ಲಿ ಕೆತ್ತಬಾರದು, ಸೀಳುತ್ತದೆ. ತೊಗಟೆ ಬಿಡಿಸಿ, ಎರಡೂ ತುದಿಗೆ ಕರಗಿಸಿದ ಮೇಣ ಬಳಿದು, ನೆರಳಲ್ಲಿ ಗಾಳಿಯಾಡುವ ಕಡೆ ಅಟ್ಟದ ಮೇಲೆ ಒಂದು ಮಳೆಗಾಲ ಒಂದು ಬೇಸಿಗೆ ಬಿಡಲಿ. ಆಮೇಲೆ ಅದೇ ಕೃಷ್ಣನ ಕೈಯೊಂದನ್ನು ಮಾತ್ರ, ಎರಡು ಪಟ್ಟು ದೊಡ್ಡದಾಗಿ, ಕೆತ್ತಿ ನೋಡಲಿ.

ಪತ್ರ ಸಿಕ್ಕಿತಾ ಇಲ್ಲವಾ ಅಂತ ಈ ವಾರದಲ್ಲೇ ತಿಳಿಸಿ. ಸಿಕ್ಕಿದರೆ ಅದರಲ್ಲಿ ಬರೆದ ಅಳತೆ, ತೂಕ ನಿಮ್ಮ ವಿಗ್ರಹಕ್ಕೆ ಹೊಂದುತ್ತದಾ ಅಂತ ಟೇಪು, ತಕ್ಕಡಿ ಇಟ್ಟು ನೋಡಿಕೊಂಡೇ ಘೋಷಣೆ ಬರೆಯಿರಿ.